ಹತ್ತು ಇಪ್ಪತ್ತಾದದ್ದು ಹೇಗೆ: ಕಾರ್ಮಿಕ ಸುರಕ್ಷತಾ ಕಾನೂನಿನ ಒಳರಾಜಕೀಯ

ಕಾರ್ಮಿಕರ ಸುರಕ್ಷತೆ ಬೇಡ ಎಂದು ಸದನದಲ್ಲಿ ಎದ್ದು ನಿಂತು ಹೇಳುವ ಸದಸ್ಯರು ಸಿಗುವುದಿಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ, ಮಾಲೀಕರ ಸಂಘ, ಯೂನಿಯನ್ನು, ಎಲ್ಲರೂ ಸುರಕ್ಷತೆಯ ಪರವೇ. ಆದರೂ ಈ ಕಾನೂನುಗಳು ವರ್ಷಗಟ್ಟಲೆ ಎಳೆದಾಡುತ್ತವೆ. ಜಗಳ ಇರುವುದು ಬೇರೆ ಕಡೆ. ಎಷ್ಟು ಜನ ಕೆಲಸಕ್ಕಿದ್ದರೆ ಕಾನೂನು ಅನ್ವಯವಾಗುತ್ತದೆ, ಸರ್ಕಾರ ಇದನ್ನು ಮಾಡಲೇಬೇಕೋ ಅಥವಾ ಮನಸ್ಸಿದ್ದರೆ ಮಾಡಬಹುದೋ, ವಿವರಗಳನ್ನು ಬರೆಯುವವರು ಯಾರು, ಕೋರ್ಟಿಗೆ ದೂರು ಒಯ್ಯುವ ಹಕ್ಕು ಯಾರದು, ಯಾವ ದಿನದಿಂದ ಜಾರಿ. ಭಾಷಣಗಳಲ್ಲಿ ಇವು ಬರುವುದೇ ಇಲ್ಲ. ಪತ್ರಿಕೆಗಳಲ್ಲಿ ಒಂದು ಸಾಲು ಬಂದರೆ ಹೆಚ್ಚು.

ಮೊದಲು ಸಂಖ್ಯೆ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಜನರಿರುವ ಜಾಗ ಮಾತ್ರ ಕಾರ್ಖಾನೆ ಎನಿಸಿಕೊಂಡಿತು. ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆ ಮಿತಿ, ಅಪಾಯಕಾರಿ ಯಂತ್ರಗಳಿಗೆ ಬೇಲಿ: ಇಷ್ಟೇ ಅದರ ಸಾರ. ಒತ್ತಡ ಬಂದದ್ದು ಎರಡು ದಿಕ್ಕಿನಿಂದ. ಮುಂಬಯಿಯಲ್ಲಿ ಸೊರಾಬ್ಜಿ ಶಾಪುರ್ಜಿ ಬೆಂಗಾಲಿಯವರಂಥವರು ಮಕ್ಕಳ ದುಡಿಮೆಯ ವಿರುದ್ಧ ದನಿಯೆತ್ತಿದ್ದರು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿ ಮಾಲೀಕರಿಗೆ ಮುಂಬಯಿಯ ಅಗ್ಗದ ಬಟ್ಟೆಯ ಚಿಂತೆಯಿತ್ತು. ಇದು ದೇಶೀ ಉದ್ಯಮದ ಕತ್ತು ಹಿಸುಕುವ ಹುನ್ನಾರ ಎಂದು ರಾಷ್ಟ್ರೀಯವಾದಿ ಪತ್ರಿಕೆಗಳು ಬರೆದವು. ಅವರ ಮಾತು ಅರ್ಧ ನಿಜ. ಕಾಯ್ದೆಯ ವ್ಯಾಖ್ಯೆಯಲ್ಲೇ ಅದಕ್ಕೆ ಸಾಕ್ಷಿಯಿದೆ: ಬಿಳಿಯರ ಬಂಡವಾಳವೇ ಹೆಚ್ಚಾಗಿದ್ದ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಗಳನ್ನೂ ಚಹಾ, ಕಾಫಿ ತೋಟಗಳನ್ನೂ ಹೊರಗಿಡಲಾಗಿತ್ತು. ಯಾರಿಗೆ ವಿನಾಯಿತಿ ಸಿಕ್ಕಿದೆ ಎಂದು ನೋಡಿದರೆ ಕಾನೂನು ಬರೆದವರ ಪಕ್ಕ ಯಾರು ಕುಳಿತಿದ್ದರು ಎಂದು ಗೊತ್ತಾಗುತ್ತದೆ. ಈ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಅಲ್ಲಿಂದ ಮುಂದೆ ಆ ಸಂಖ್ಯೆ ಇಳಿಯುತ್ತಲೇ ಬಂತು. 1891ರಲ್ಲಿ 50. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ ಮೇಲೆ, 1922ರಲ್ಲಿ, 20. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20. ಮುಕ್ಕಾಲು ಶತಮಾನ ಇದೇ ನಿಂತಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ 10 ಇದ್ದದ್ದು 20 ಆಯಿತು, 20 ಇದ್ದದ್ದು 40 ಆಯಿತು. ಇಡೀ ದೇಶದ ಮಟ್ಟದಲ್ಲಿ ಸಂಖ್ಯೆ ಮೇಲಕ್ಕೆ ಹೋದದ್ದು ಅದೇ ಮೊದಲು.

ಅದು ಹೇಗೆ ಏರಿತು ಎನ್ನುವುದರಲ್ಲೇ ರಾಜಕೀಯದ ಪಾಠವಿದೆ. ಮೊದಲ ಹೆಜ್ಜೆ ರಾಜ್ಯದಲ್ಲಿ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಗಣಿ ಮತ್ತು ತೈಲಕ್ಷೇತ್ರಗಳ ಸುರಕ್ಷತೆ ಮಾತ್ರ ಕೇಂದ್ರ ಪಟ್ಟಿಯ 55ನೇ ನಮೂದಿನಲ್ಲಿ ಪ್ರತ್ಯೇಕವಾಗಿ ಕೂತಿದೆ. ಆದ್ದರಿಂದ ಕಾರ್ಖಾನೆ ಕಾಯ್ದೆಯನ್ನು ರಾಜ್ಯವೊಂದು ತನ್ನ ಮಟ್ಟಿಗೆ ತಿದ್ದಬಹುದು. ಕೇಂದ್ರ ಕಾಯ್ದೆಗೆ ವ್ಯತಿರಿಕ್ತವಾಗಿದ್ದರೆ 254(2)ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಅಂಕಿತ ಬೇಕು. ದೆಹಲಿಯಲ್ಲಿ ಅನುಕೂಲದ ಸರ್ಕಾರವಿದ್ದರೆ ಅಂಕಿತ ಸಿಗುತ್ತದೆ, ಇಲ್ಲದಿದ್ದರೆ ಕಡತ ಅಲ್ಲೇ ಮಲಗುತ್ತದೆ. ರಾಜಸ್ಥಾನ 2014ರಲ್ಲಿ ಇದೇ 20–40ರ ತಿದ್ದುಪಡಿ ಮಾಡಿ ಅಂಕಿತ ಪಡೆಯಿತು. ಒಂದು ರಾಜ್ಯದಲ್ಲಿ ದೊಡ್ಡ ಗದ್ದಲವಿಲ್ಲದೆ ನಡೆದುಹೋದದ್ದನ್ನು ಆರು ವರ್ಷದ ಮೇಲೆ ದೇಶಕ್ಕೆಲ್ಲ ಹೊದಿಸುವುದು ಸುಲಭವಾಯಿತು.

ಎರಡನೇ ಹೆಜ್ಜೆ ಸಂಸತ್ತಿನಲ್ಲಿ. ಹದಿಮೂರು ಕಾಯ್ದೆಗಳನ್ನು ಒಂದುಗೂಡಿಸುವ ಮಸೂದೆ ಲೋಕಸಭೆಗೆ ಬಂದದ್ದು 2019ರ ಜುಲೈ 23ರಂದು. ಕಾರ್ಖಾನೆ, ಗಣಿ, ಬಂದರು, ಕಟ್ಟಡ ನಿರ್ಮಾಣ, ತೋಟ, ಬೀಡಿ, ಸಾರಿಗೆ, ಗುತ್ತಿಗೆ, ಅಂತರರಾಜ್ಯ ವಲಸೆ, ಪತ್ರಕರ್ತರು, ಸಿನಿಮಾ ಕೆಲಸಗಾರರು, ಎಲ್ಲ ಅದರೊಳಗೆ. ಆ ಮಸೂದೆಯಲ್ಲಿ ಕಾರ್ಖಾನೆಯ ಸಂಖ್ಯೆ ಹಳೆಯ 10–20 ಆಗಿಯೇ ಇತ್ತು. ಗುತ್ತಿಗೆ ಕಾರ್ಮಿಕರ ಸಂಖ್ಯೆಯೂ ಹಳೆಯ 20. ಕಾರ್ಮಿಕ ಇಲಾಖೆಯ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿ 2020ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಸೆಪ್ಟೆಂಬರ್ 19ರಂದು ಸರ್ಕಾರ ಆ ಮಸೂದೆಯನ್ನು ಹಿಂತೆಗೆದುಕೊಂಡು ಹೊಸದನ್ನು ಮಂಡಿಸಿತು. ಹೊಸದರಲ್ಲಿ ಕಾರ್ಖಾನೆಗೆ 20–40, ಗುತ್ತಿಗೆಗೆ 50. ಜೊತೆಗೆ, ಆರ್ಥಿಕ ಚಟುವಟಿಕೆ ಮತ್ತು ಉದ್ಯೋಗ ಹೆಚ್ಚಿಸಲು ಅಗತ್ಯವೆನಿಸಿದರೆ ಹೊಸ ಕಾರ್ಖಾನೆಗಳಿಗೆ ಸಂಹಿತೆಯಿಂದ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಗಳಿಗೆ. ಈ ಹೊಸ ಪಠ್ಯ ಮತ್ತೆ ಸಮಿತಿಗೆ ಹೋಗಲಿಲ್ಲ. 22ಕ್ಕೆ ಲೋಕಸಭೆ, 23ಕ್ಕೆ ರಾಜ್ಯಸಭೆ, 28ಕ್ಕೆ ರಾಷ್ಟ್ರಪತಿಗಳ ಅಂಕಿತ. ಎಂಟು ರಾಜ್ಯಸಭಾ ಸದಸ್ಯರ ಅಮಾನತನ್ನು ವಿರೋಧಿಸಿ ಪ್ರತಿಪಕ್ಷಗಳು ಕಲಾಪ ಬಹಿಷ್ಕರಿಸಿದ್ದ ದಿನಗಳವು. ಪ್ರಶ್ನೆ ಕೇಳಬೇಕಾದವರು ಹೊರಗಿದ್ದರು. ಬಹಿಷ್ಕಾರಕ್ಕೆ ಕಾರಣ ಏನೇ ಇರಲಿ, ಅದರ ಬೆಲೆ ತೆತ್ತ ಮಸೂದೆಗಳಲ್ಲಿ ಇದೂ ಒಂದು ಎಂದೇ ನನ್ನ ಲೆಕ್ಕ.

ಇನ್ನೊಂದು ವೇದಿಕೆಯೂ ಖಾಲಿಯಿತ್ತು. ಸರ್ಕಾರ, ಮಾಲೀಕರು, ಯೂನಿಯನ್ನುಗಳು ಮೂವರೂ ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನದ 46ನೇ ಅಧಿವೇಶನ ನಡೆದದ್ದು 2015ರ ಜುಲೈನಲ್ಲಿ. ಸಂಹಿತೆಗಳು ಪಾಸಾಗುವ ಮೊದಲು ಮತ್ತೊಂದು ನಡೆಯಲಿಲ್ಲ. ಆಡಳಿತ ಪಕ್ಷದ ಸೈದ್ಧಾಂತಿಕ ಬಳಗದ ಭಾರತೀಯ ಮಜ್ದೂರ್ ಸಂಘವೂ ಈ ಸಂಹಿತೆಗೆ ಆಕ್ಷೇಪ ಎತ್ತಿತ್ತು. ಆಕ್ಷೇಪ ದಾಖಲಾಯಿತು, ಪಠ್ಯ ಬದಲಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ತಿದ್ದುಮಾತು ಅಗತ್ಯ. "ಇಪ್ಪತ್ತರ ಕೆಳಗಿನವರಿಗೆ ಈಗ ಯಾವ ರಕ್ಷಣೆಯೂ ಇಲ್ಲ" ಎಂದು ಕರಪತ್ರಗಳಲ್ಲಿ ಬರುತ್ತದಲ್ಲ, ಅದು ಸರಿಯಲ್ಲ. ನೋಂದಣಿಯ ಬಗ್ಗೆ ಹೇಳುವ ಎರಡನೇ ಅಧ್ಯಾಯದ ಮಟ್ಟಿಗೆ ಕಾರ್ಖಾನೆಗೂ 10ರ ಸಂಖ್ಯೆಯೇ ಉಳಿದಿದೆ. ಅಪಾಯಕಾರಿ ಎಂದು ಅಧಿಸೂಚನೆ ಹೊರಡಿಸಿದ ಕೆಲಸಗಳಿಗೆ ಸಂಖ್ಯೆಯ ಮಿತಿಯೇ ಇಲ್ಲ. ದೊಡ್ಡ ಘಟಕಗಳ ಕೆಲವು ಸಂಖ್ಯೆಗಳು ಇಳಿದಿವೆ: ಕ್ಯಾಂಟೀನು 250ರಿಂದ 100ಕ್ಕೆ, ಸುರಕ್ಷತಾ ಅಧಿಕಾರಿ 1000ದಿಂದ 500ಕ್ಕೆ, ಕಲ್ಯಾಣ ಅಧಿಕಾರಿ 500ರಿಂದ 250ಕ್ಕೆ. ಚೌಕಾಶಿಯ ಆಕಾರ ಇಲ್ಲಿ ಕಾಣುತ್ತದೆ. ಹೇಗೂ ಇವನ್ನೆಲ್ಲ ಇಟ್ಟುಕೊಂಡಿದ್ದ ದೊಡ್ಡವರ ಮೇಲೆ ಕಾಗದದಲ್ಲಿ ಭಾರ ಹೆಚ್ಚಿತು, ಯೂನಿಯನ್ನೇ ಇಲ್ಲದ ಸಣ್ಣ ಶೆಡ್ಡುಗಳ ಭಾರ ಇಳಿಯಿತು. ಪ್ರೆಸ್ಸಿಗೆ ಬೆರಳು ಸಿಕ್ಕಿಸಿಕೊಳ್ಳುವ ಹುಡುಗ ಹೆಚ್ಚಾಗಿ ಇರುವುದು ಎರಡನೆಯ ಜಾಗದಲ್ಲಿ.

ಸಂಖ್ಯೆಯ ಅಂಚಿನಲ್ಲಿ ಏನು ನಡೆಯುತ್ತದೆ ಎನ್ನುವುದು ತಪಾಸಣೆಗೆ ಹೋಗುವ ಎಲ್ಲರಿಗೂ ಗೊತ್ತು. ಮಸ್ಟರ್ ರೋಲಿನಲ್ಲಿ 19 ಹೆಸರು, ಶೆಡ್ಡಿನಲ್ಲಿ 31 ಜನ. ಒಂದೇ ಸೂರಿನಡಿ ಅಣ್ಣನ ಹೆಸರಲ್ಲಿ ಒಂದು ಲೈಸೆನ್ಸು, ತಮ್ಮನ ಹೆಸರಲ್ಲಿ ಇನ್ನೊಂದು, ಮಧ್ಯೆ ಪ್ಲೈವುಡ್ ಗೋಡೆ. ಉಳಿದವರು "ಟ್ರೈನಿ"ಗಳು ಅಥವಾ "ಇವತ್ತು ಮಾತ್ರ ಬಂದ ಲೋಡಿಂಗ್‌ನವರು". ಗುತ್ತಿಗೆದಾರರ ಮೂಲಕ ಬಂದವರನ್ನೂ ಕಾರ್ಖಾನೆಯ ಲೆಕ್ಕಕ್ಕೆ ಸೇರಿಸಬೇಕು, ಆದರೆ ಅವರ ಹಾಜರಿ ಪುಸ್ತಕ ಗುತ್ತಿಗೆದಾರರ ಮನೆಯಲ್ಲಿರುತ್ತದೆ. ಹತ್ತರ ಅಂಚಿನಲ್ಲಿ ನಡೆಯುತ್ತಿದ್ದ ಆಟವೇ ಈಗ ಇಪ್ಪತ್ತರ ಅಂಚಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಮಸೂದೆ ಚರ್ಚೆಯ ಹೊತ್ತಿನಲ್ಲಿ ಕೇಳಬೇಕಾದದ್ದು "ಎಷ್ಟು ಜನ" ಎಂಬುದಕ್ಕಿಂತ "ಯಾವ ಪುಸ್ತಕದ ಪ್ರಕಾರ ಎಣಿಕೆ" ಎಂಬ ಪ್ರಶ್ನೆಯನ್ನು. ವಿದ್ಯುತ್ತಿನ ಮಂಜೂರಾದ ಲೋಡು, ಯಂತ್ರಗಳ ಸಂಖ್ಯೆ, ಬಳಸುವ ರಾಸಾಯನಿಕ: ಇವನ್ನು ಬಚ್ಚಿಡುವುದು ಕಷ್ಟ. ತಲೆ ಎಣಿಕೆಯ ಬದಲು ಇವುಗಳ ಮೇಲೆ ಕಾನೂನು ನಿಂತರೆ ಪ್ಲೈವುಡ್ ಗೋಡೆಗೆ ಕೆಲಸವಿರುವುದಿಲ್ಲ. ಅಂಥ ತಿದ್ದುಪಡಿಗೆ ಒತ್ತಾಯ ಯೂನಿಯನ್ನುಗಳಿಂದಲೂ ಗಟ್ಟಿಯಾಗಿ ಬಂದಂತೆ ಕಾಣುವುದಿಲ್ಲ.

ಇನ್ನು ದೊಡ್ಡ ದುರಂತಗಳು. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 4ಎ ಅಧ್ಯಾಯ ಸೇರಿತು. ಅಪಾಯಕಾರಿ ಘಟಕ ಎಲ್ಲಿ ಬರಬೇಕೆಂದು ಪರಿಶೀಲಿಸುವ ಸ್ಥಳ ಪರಿಶೀಲನಾ ಸಮಿತಿ, ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಮಾಹಿತಿ ಕೊಡುವ ಕಡ್ಡಾಯ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಕಾರ್ಮಿಕರ ಹಕ್ಕು, ಆಡಳಿತ ಮತ್ತು ಕಾರ್ಮಿಕರಿಂದ ಸಮಸಂಖ್ಯೆಯ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ. ಶಿಕ್ಷೆ ಏಳು ವರ್ಷದವರೆಗೆ. ಇವೆಲ್ಲಕ್ಕಿಂತ ಮಾಲೀಕರಿಗೆ ಚುಚ್ಚಿದ್ದು ಸಣ್ಣದೊಂದು ವ್ಯಾಖ್ಯೆ: ಕಂಪನಿಯಾಗಿದ್ದರೆ ನಿರ್ದೇಶಕರಲ್ಲೊಬ್ಬರೇ "ಅಧಿಭೋಗದಾರ" (ಕಾರ್ಖಾನೆಗೆ ಕಾನೂನಿನ ಮುಂದೆ ಹೊಣೆಗಾರ). ಅಂದರೆ ಮ್ಯಾನೇಜರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಸದನದಲ್ಲಿ ತಡೆಯಲಾಗದ್ದನ್ನು ಕಂಪನಿಗಳು ಕೋರ್ಟಿನಲ್ಲಿ ಪ್ರಶ್ನಿಸಿದವು. 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಕಾನೂನು ಪಾಸಾಗಿ ಒಂಬತ್ತು ವರ್ಷ ಕಳೆದಿತ್ತು.

ದುರಂತ ಹುಟ್ಟಿಸಿದ ಕಾನೂನು ಆ ದುರಂತದ ಮುಖವನ್ನೇ ಹೊತ್ತಿರುತ್ತದೆ. ಭೋಪಾಲದ ನಂತರದ ಅಧ್ಯಾಯ ದೊಡ್ಡ ರಾಸಾಯನಿಕ ಘಟಕವನ್ನು ಕಣ್ಮುಂದೆ ಇಟ್ಟುಕೊಂಡು ಬರೆದದ್ದು. ಕಲ್ಲುಪುಡಿ ಕುಡಿದು ಹತ್ತು ವರ್ಷಕ್ಕೆ ಶ್ವಾಸಕೋಶ ಕಳೆದುಕೊಳ್ಳುವ ಕ್ವಾರಿ ಕೆಲಸಗಾರ ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ, ಆದ್ದರಿಂದ ಅವನ ಸಲುವಾಗಿ ವಿಶೇಷ ಅಧಿವೇಶನ ಕರೆಯುವುದಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಇದಕ್ಕೆ ಅಪವಾದ. ಅದು ಒಂದು ದಶಕದ ಸಂಘಟಿತ ಚಳವಳಿಯಿಂದ ಬಂತು, ಕಾಮಗಾರಿ ವೆಚ್ಚದ ಕನಿಷ್ಠ 1 ಶೇಕಡಾ ಸೆಸ್ಸಿನ ಕಾಯ್ದೆಯನ್ನೂ ಜೊತೆಗೆ ತಂದಿತು. ಹಣದ ಮೂಲ ಕಾನೂನಿನಲ್ಲೇ ಇತ್ತು. ಆದರೂ ಕರ್ನಾಟಕದ ನಿಯಮಗಳು ಬಂದದ್ದು 2006ರಲ್ಲಿ, ಹತ್ತು ವರ್ಷದ ನಂತರ.

ನಿಯಮಗಳು ಅಂದಮೇಲೆ ಅಲ್ಲೇ ಸ್ವಲ್ಪ ನಿಲ್ಲೋಣ, ಏಕೆಂದರೆ ನಿಜವಾದ ಕಾನೂನು ಬರೆಯುವುದು ಅಲ್ಲಿ. ಹಳೆಯ ಕಾಯ್ದೆಯಲ್ಲಿ ಅಪಾಯಕಾರಿ ಪ್ರಕ್ರಿಯೆಯಿರುವ ಪ್ರತಿ ಕಾರ್ಖಾನೆಯ ಅಧಿಭೋಗದಾರ ಸುರಕ್ಷತಾ ಸಮಿತಿ ರಚಿಸತಕ್ಕದ್ದು. ಸಂಹಿತೆಯ 22ನೇ ಸೆಕ್ಷನ್ನಿನಲ್ಲಿ ಸರ್ಕಾರ ಆದೇಶದ ಮೂಲಕ ಸಮಿತಿ ರಚಿಸುವಂತೆ ಹೇಳಬಹುದು. ಆದೇಶ ಬರುವವರೆಗೆ ಸಮಿತಿ ಇಲ್ಲ ಎಂದು ಕೋರ್ಟಿಗೆ ಹೋದರೆ ನಿಲ್ಲುವುದು ಕಷ್ಟ. ವಾರ್ಷಿಕ ಉಚಿತ ಆರೋಗ್ಯ ತಪಾಸಣೆಯನ್ನೇ ತೆಗೆದುಕೊಳ್ಳಿ. 6ನೇ ಸೆಕ್ಷನ್ನು ಅದನ್ನು ಮಾಲೀಕರ ಕರ್ತವ್ಯವಾಗಿ ಹೇಳುತ್ತದೆ, ಆದರೆ ಯಾವ ವಯಸ್ಸಿನವರಿಗೆ, ಯಾವ ವರ್ಗದವರಿಗೆ ಎಂಬುದನ್ನು ನಿಯಮಕ್ಕೆ ಬಿಡುತ್ತದೆ. ಜಾರಿಯ ದಿನ (2025ರ ನವೆಂಬರ್ 21) ಸರ್ಕಾರದ ಪ್ರಕಟಣೆಯಲ್ಲಿ ಕಂಡದ್ದು 40 ವರ್ಷ ಮೇಲ್ಪಟ್ಟವರು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಅದು ಸರಿ. ಹದಿನೆಂಟಕ್ಕೆ ಕಲ್ಲು ಕೊರೆಯಲು ಹೋದವನಿಗೆ ಮೂವತ್ತಕ್ಕೇ ಸಿಲಿಕೋಸಿಸ್ (ಕಲ್ಲುದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಬಂದಿರಬಹುದು. ಅಲ್ಲಿ ಲೆಕ್ಕಕ್ಕೆ ಬರಬೇಕಾದದ್ದು ದೂಳಿನಲ್ಲಿ ಕಳೆದ ವರ್ಷಗಳು, ಹುಟ್ಟಿದ ವರ್ಷವಲ್ಲ.

ಕರಡು ನಿಯಮ ಗೆಜೆಟ್ಟಿನಲ್ಲಿ ಬಂದಾಗ ಆಕ್ಷೇಪಣೆಗೆ ಅವಕಾಶ ಸಿಗುತ್ತದೆ, ಸಾಮಾನ್ಯವಾಗಿ 30 ಅಥವಾ 45 ದಿನ. 2020ರ ನವೆಂಬರಿನ ಕೇಂದ್ರ ಕರಡಿಗೆ 45 ದಿನ ಕೊಟ್ಟಿದ್ದರು. ಮೊದಲು ಮಾಡಬೇಕಾದ ಕೆಲಸ ದಿನದ ಲೆಕ್ಕ: ಅಧಿಸೂಚನೆಯ ಮೇಲಿನ ತಾರೀಖಿನಿಂದಲ್ಲ, ಗೆಜೆಟ್ ಪ್ರತಿ ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಎಂದು ಹೆಚ್ಚಿನ ಅಧಿಸೂಚನೆಗಳು ಹೇಳುತ್ತವೆ, ಆ ಸಾಲನ್ನು ಓದಿ ಗುರುತು ಹಾಕಿಕೊಳ್ಳಿ. "ಈ ಕಾರ್ಮಿಕ ವಿರೋಧಿ ನಿಯಮಗಳನ್ನು ತೀವ್ರವಾಗಿ ಖಂಡಿಸುತ್ತೇವೆ" ಎಂಬ ಪತ್ರಗಳ ರಾಶಿಯೇ ಸಚಿವಾಲಯಕ್ಕೆ ಹೋಗುತ್ತದೆ. ಕಡತದಲ್ಲಿ ಅವಕ್ಕೆಲ್ಲ ಸೇರಿ ಒಂದು ಸಾಲು: "ಸಾಮಾನ್ಯ ಸ್ವರೂಪದ ಆಕ್ಷೇಪಣೆ, ಪರಿಗಣಿಸಿದೆ." ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ ಕಳಿಸಿ: ನಿಯಮದ ಸಂಖ್ಯೆ, ಕರಡಿನ ಪಠ್ಯ, ಅದರ ಜಾಗದಲ್ಲಿ ಬರಬೇಕಾದ ಪೂರ್ಣ ವಾಕ್ಯ, ಎರಡು ಸಾಲಿನ ಕಾರಣ. ಪೂರ್ಣ ವಾಕ್ಯ ಮುಖ್ಯ. ಅಧೀನ ಕಾರ್ಯದರ್ಶಿಗೆ ನಕಲು ಮಾಡಿ ಅಂಟಿಸಲು ಬರುವಂಥದ್ದು ಕೊಟ್ಟರೆ ಅದು ಮುಂದಿನ ಮೇಜಿಗೆ ಹೋಗುತ್ತದೆ. ಮಾಲೀಕರ ಸಂಘಗಳು ಇದನ್ನು ಚೆನ್ನಾಗಿ ಬಲ್ಲವು. ಇಮೇಲ್ ಜೊತೆ ನೋಂದಾಯಿತ ಅಂಚೆಯಲ್ಲೂ ಕಳಿಸಿ ರಸೀತಿ ಇಟ್ಟುಕೊಳ್ಳಿ.

ಕಾನೂನಿನ ಬೆಂಬಲ ಎಷ್ಟಿದೆ ಎಂಬುದೂ ಗೊತ್ತಿರಲಿ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಸೆಕ್ಷನ್ನಿನ ಪ್ರಕಾರ ಬಂದ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಅದೇ ಸೆಕ್ಷನ್ನಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ಪೂರ್ವ ಪ್ರಕಟಣೆಯ ನಂತರ ಮಾಡಿದ್ದೆಂದು ನಿಯಮ ಗೆಜೆಟ್ಟಿನಲ್ಲಿ ಬಂದರೆ, ಅದು ಕ್ರಮಬದ್ಧವಾಗಿ ಆಗಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಹಾಗಾಗಿ "ನಮ್ಮ ಮಾತು ಕೇಳಲಿಲ್ಲ" ಎಂದು ಆಮೇಲೆ ಕೋರ್ಟಿಗೆ ಹೋದರೆ ದಾರಿ ಇಕ್ಕಟ್ಟು. ಕರಡಿನ ಹಂತದಲ್ಲೇ ಮಾಹಿತಿ ಹಕ್ಕಿನಡಿ ಬಂದ ಎಲ್ಲ ಆಕ್ಷೇಪಣೆಗಳ ಪ್ರತಿ ಕೇಳಿಟ್ಟುಕೊಂಡರೆ ಯಾರ ವಾಕ್ಯ ಅಂತಿಮ ನಿಯಮಕ್ಕೆ ಸೇರಿತು ಎಂದು ಪತ್ತೆ ಹಚ್ಚಬಹುದು.

ಸದನವನ್ನೂ ಕರಡನ್ನೂ ಬಿಟ್ಟು ನಡೆಯುವ ದಾರಿಯೂ ಇದೆ: ವಿನಾಯಿತಿಯ ಅಧಿಸೂಚನೆ. ಕಾರ್ಖಾನೆ ಕಾಯ್ದೆಯ 5ನೇ ಸೆಕ್ಷನ್ನು "ಸಾರ್ವಜನಿಕ ತುರ್ತು ಪರಿಸ್ಥಿತಿ"ಯಲ್ಲಿ ಕಾಯ್ದೆಯಿಂದ ವಿನಾಯಿತಿ ಕೊಡಲು ಅವಕಾಶ ಕೊಟ್ಟಿತ್ತು. ಅದು ಯುದ್ಧ, ಬಾಹ್ಯ ಆಕ್ರಮಣ, ಆಂತರಿಕ ಗಲಭೆಗಳಿಗೆ ಸೀಮಿತ. 2020ರ ಏಪ್ರಿಲ್‌ನಲ್ಲಿ ಗುಜರಾತ್ ಕೋವಿಡನ್ನೇ ತುರ್ತು ಎಂದು ಹೇಳಿ ದಿನಕ್ಕೆ 12 ಗಂಟೆ ದುಡಿಸಬಹುದೆಂದೂ ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಬೇಡವೆಂದೂ ಅಧಿಸೂಚಿಸಿತು. ಗುಜರಾತ್ ಮಜ್ದೂರ್ ಸಭಾದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಅಕ್ಟೋಬರ್ 1ರಂದು ಅದನ್ನು ರದ್ದು ಮಾಡಿತು. ಕರ್ನಾಟಕವೂ ಅದೇ ಮೇ ತಿಂಗಳಲ್ಲಿ 10 ಗಂಟೆಯ ಅಧಿಸೂಚನೆ ಹೊರಡಿಸಿ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಅಧಿಸೂಚನೆಯ ದಾರಿ ಮುಚ್ಚಿದ ಮೇಲೆ ತಿದ್ದುಪಡಿಯ ದಾರಿ ಹಿಡಿದರು. 2023ರ ಫೆಬ್ರವರಿಯಲ್ಲಿ ಕರ್ನಾಟಕ, ವಾರಕ್ಕೆ 48ರ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಮಸೂದೆ ಪಾಸು ಮಾಡಿತು. ಎರಡು ತಿಂಗಳ ನಂತರ, ಏಪ್ರಿಲ್ 21ರಂದು, ತಮಿಳುನಾಡು ವಿಧಾನಸಭೆಯೂ ಕೆಲಸದ ಗಂಟೆ ಸಡಿಲಿಸುವ ಮಸೂದೆ ಪಾಸು ಮಾಡಿತು. ಮೂರು ದಿನದಲ್ಲಿ ಅದನ್ನು ತಡೆಹಿಡಿದರು, ಮೇ ದಿನದಂದು ಮುಖ್ಯಮಂತ್ರಿ ವಾಪಸಾತಿ ಘೋಷಿಸಿದರು.

ಎರಡೂ ರಾಜ್ಯಗಳ ಹೂಡಿಕೆಯ ಲೆಕ್ಕ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಮೈತ್ರಿಕೂಟದಲ್ಲಿ. ತಮಿಳುನಾಡಿನಲ್ಲಿ ಸರ್ಕಾರದ ಮಿತ್ರಪಕ್ಷಗಳಾದ ಎಡಪಕ್ಷಗಳೇ ವಿರೋಧಿಸಿ ಹೊರನಡೆದವು, ಅವುಗಳ ಯೂನಿಯನ್ನುಗಳು ಬೀದಿಗಿಳಿಯಲು ಸಿದ್ಧವಾಗಿದ್ದವು. ಇಲ್ಲಿ ಆ ಒತ್ತಡ ಹಾಕುವವರು ಸರ್ಕಾರದ ಒಳಗೆ ಇರಲಿಲ್ಲ. ಮಸೂದೆಯೊಂದರ ಭವಿಷ್ಯ ಊಹಿಸಬೇಕಾದರೆ ವಿರೋಧ ಪಕ್ಷದ ಬೆಂಚಿಗಿಂತ ಆಡಳಿತದ ಪಾಲುದಾರರ ಬೆಂಚನ್ನು ನೋಡುವುದು ಲೇಸು.

ಶಿಕ್ಷೆಯ ಬಗ್ಗೆ ಸಂಕ್ಷೇಪವಾಗಿ. ಸಾವು ಸಂಭವಿಸಿದರೆ ಹಳೆಯ ಕಾಯ್ದೆಯ 92ನೇ ಸೆಕ್ಷನ್ನಿನಲ್ಲಿ ಕನಿಷ್ಠ ದಂಡ 25,000 ರೂಪಾಯಿ. 1987ರಲ್ಲಿ ಇಟ್ಟ ಆ ಅಂಕಿ ಮೂರು ದಶಕ ಅಲುಗಲಿಲ್ಲ. ಸಂಹಿತೆಯಲ್ಲಿ ಕನಿಷ್ಠ 5 ಲಕ್ಷ ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ; ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಕುಟುಂಬಕ್ಕೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಇದು ಒಳ್ಳೆಯ ಬದಲಾವಣೆ. ಆದರೆ ಅಂಕಿ ಮತ್ತೆ ರೂಪಾಯಿಯಲ್ಲೇ ಗಟ್ಟಿಯಾಗಿ ಕೂತಿದೆ, ಬೆಲೆ ಸೂಚ್ಯಂಕಕ್ಕೆ ಕಟ್ಟಿಲ್ಲ. ಸಣ್ಣ ಅಪರಾಧಗಳನ್ನು ಗರಿಷ್ಠ ದಂಡದ ಅರ್ಧ ಅಥವಾ ಮುಕ್ಕಾಲು ಕಟ್ಟಿ ರಾಜಿ ಮಾಡಿಕೊಳ್ಳಲೂ ಅವಕಾಶವಿದೆ. ಗಾರ್ಡ್ ಇಲ್ಲದ ಯಂತ್ರ, ಮುಚ್ಚಿದ ತುರ್ತು ಬಾಗಿಲು ಇಂಥವು ಸಾವಿಗೆ ಮುಂಚೆ "ಸಣ್ಣ" ಅಪರಾಧಗಳೇ.

ಹಳೆಯ ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ಭದ್ರವಾಗಿತ್ತು: ಇನ್ಸ್‌ಪೆಕ್ಟರರ ದೂರು ಅಥವಾ ಲಿಖಿತ ಅನುಮತಿ ಇಲ್ಲದೆ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳುವಂತಿರಲಿಲ್ಲ, ಅದೂ ಅವರ ಗಮನಕ್ಕೆ ಬಂದ ಮೂರು ತಿಂಗಳೊಳಗೆ. ಕೈ ಕಳೆದುಕೊಂಡವರು ನೇರ ಹೋಗುವಂತಿಲ್ಲ. ಹೀಗಾಗಿ ಇನ್ಸ್‌ಪೆಕ್ಟರು ಎಷ್ಟು ಸ್ವತಂತ್ರರು ಎಂಬುದರ ಮೇಲೆ ಎಲ್ಲ ನಿಂತಿತ್ತು. ಸಂಹಿತೆಯಲ್ಲಿ ಅವರು "ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್". ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರು ಚೀಟಿ ಎತ್ತುವ ವೆಬ್ ಆಧಾರಿತ ಪದ್ಧತಿಗೂ 37ನೇ ಸೆಕ್ಷನ್ನಿನಲ್ಲಿ ಕೆಲವು ವರ್ಗಗಳಿಗೆ ಮೂರನೇ ವ್ಯಕ್ತಿಯ ಆಡಿಟ್ಟಿಗೂ ಅವಕಾಶವಿದೆ. ಲಂಚದ ಹಾವಳಿ ತಡೆಯಲು ಇದು ಬೇಕು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಒಬ್ಬರೇ ಅಧಿಕಾರಿ ಒಂದೇ ಕಾರ್ಖಾನೆಗೆ ಪದೇಪದೇ ಹೋಗುವುದು ಯಾಕೆಂದು ಎಲ್ಲರಿಗೂ ಗೊತ್ತು. ಆದರೆ ಭಾರತ 1949ರಲ್ಲೇ ಅನುಮೋದಿಸಿದ, ಕಾರ್ಮಿಕ ತಪಾಸಣೆಯ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆ, ಮುನ್ಸೂಚನೆಯಿಲ್ಲದೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಒಳಹೋಗುವ ಸ್ವಾತಂತ್ರ್ಯ ಇನ್ಸ್‌ಪೆಕ್ಟರಿಗೆ ಇರಬೇಕು ಎನ್ನುತ್ತದೆ. ದೂರು ಬಂದ ಕಾರ್ಖಾನೆಗೆ ಚೀಟಿ ಬೀಳುವವರೆಗೆ ಕಾಯಬೇಕೋ, ತಕ್ಷಣ ಹೋಗಬಹುದೋ ಎಂಬುದು ರಾಜ್ಯದ ನಿಯಮ ಮತ್ತು ಪೋರ್ಟಲಿನ ವಿನ್ಯಾಸದಲ್ಲಿ ತೀರ್ಮಾನವಾಗುವ ಸಂಗತಿ. ಕರಡು ಬಂದಾಗ ಮೊದಲು ಹುಡುಕಬೇಕಾದ ಸಾಲು ಅದು.

ಕೊನೆಗೆ ದಿನಾಂಕ. ಅಂಕಿತ ಬಿದ್ದದ್ದು 2020ರ ಸೆಪ್ಟೆಂಬರಿನಲ್ಲಿ, ಜಾರಿಯಾದದ್ದು 2025ರ ನವೆಂಬರ್ 21ರಂದು. ಜಾರಿಯ ದಿನವನ್ನು ಅಧಿಸೂಚನೆಗೆ ಬಿಟ್ಟ ಕಾಯ್ದೆ ಎಷ್ಟು ವರ್ಷ ಬೇಕಾದರೂ ಕಪಾಟಿನಲ್ಲಿ ಕೂರಬಹುದು, ಯಾರೂ ಉತ್ತರ ಕೊಡಬೇಕಿಲ್ಲ. ರದ್ದು ಮತ್ತು ಉಳಿಕೆಯ ಸೆಕ್ಷನ್ನಿನ ಬಲದಿಂದ, ಹೊಸ ರಾಜ್ಯ ನಿಯಮ ಬರುವವರೆಗೆ 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳಂಥ ಹಳೆಯವು, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ, ನಡೆಯುತ್ತವೆ. ಈ ಮಧ್ಯಂತರದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಿಂದ ನೋಟಿಸು ಬಂದರೆ ಅದರಲ್ಲಿ ಉಲ್ಲೇಖಿಸಿದ್ದು ಹಳೆಯ ನಿಯಮವೋ ಸಂಹಿತೆಯ ಸೆಕ್ಷನ್ನೋ ಎಂದು ಮೊದಲು ನೋಡಬೇಕು. ಎರಡೂ ಇಲ್ಲದೆ ಬರೀ "ಸುರಕ್ಷತಾ ಲೋಪ" ಎಂದು ಬರೆದ ನೋಟಿಸು ಕೋರ್ಟಿನ ಮೊದಲ ವಾಯಿದೆಯಲ್ಲೇ ಬೀಳುವ ಸಂಭವ ಹೆಚ್ಚು, ಮತ್ತು ಮಾಲೀಕರ ವಕೀಲರು ಕಾಯುವುದು ಅಂಥದ್ದಕ್ಕೇ. ದೂರು ಕೊಡುವ ಯೂನಿಯನ್ನು ತನ್ನ ಪತ್ರದಲ್ಲೇ ಎರಡೂ ಸಂಖ್ಯೆಗಳನ್ನು ಬರೆದು ಕೊಡುವುದು ಒಳ್ಳೆಯದು.